ಮುತ್ತಮ್ಮನ ಕೈಯಡುಗೆ

ಚಿಸೆಕಾ, ಮಲಾವಿ
೧೮ ನವೆಂಬರ್ ೨೦೨೩

ಪ್ರೀತಿಯ ಸ್ವಾತಿ,

ಬಂದು ಸೇರಿದೆ ಕಣೇ. ಊರು ಬಿಟ್ಟಾಗಿನಿಂದ ಇವತ್ತೇ ಕೂತು ಬರೆಯಲು ಪುರುಸೊತ್ತು ಸಿಕ್ಕಿದ್ದು. ಆಫ್ರಿಕಾ ಅಂದ ಕೂಡಲೇ ನಿಮ್ಮಮ್ಮ ಸಿಂಹದ ಮಾತು ತೆಗೆದಿದ್ದರಲ್ಲ, ಅವರಿಗೆ ಹೇಳು, ಇಲ್ಲಿರುವುದು ಮೇಕೆ, ಕೋಳಿ ಮತ್ತು ಮಾವಿನ ಮರ. ಮಣ್ಣು ನಮ್ಮ ಜಾವಗಲ್ ಕಡೆಯದೇ ಕೆಂಪು. ಬಸ್ಸಿನಿಂದ ಇಳಿದಾಗ ಕಾಲಿಗೆ ಮೆತ್ತಿದ ಧೂಳು ನೋಡಿ ನಗು ಬಂತು, ಇದಕ್ಕಾಗಿ ವಿಮಾನ ಹತ್ತಬೇಕಿತ್ತೇ ಅಂತ.

ನನ್ನನ್ನು ಲಿನೆಸಿ ಎಂಬ ವಿಧವೆಯ ಮನೆಯಲ್ಲಿ ಇರಿಸಿದ್ದಾರೆ. ಎಲ್ಲರೂ ಅವಳನ್ನು ಅಮಾಯಿ ಅನ್ನುತ್ತಾರೆ. ಇಲ್ಲಿನ ಭಾಷೆಯಲ್ಲಿ ಅಮ್ಮ ಅಂತ. ಮೊದಲ ದಿನ ಕೊಡ ಹಿಡಿದು ಕೈಪಂಪಿನ ಹತ್ತಿರ ಹೋದೆ. ಅಭ್ಯಾಸಬಲ ನೋಡು, ದೂರದಲ್ಲೇ ನಿಂತೆ, ಎಲ್ಲರದೂ ಆಗಲಿ ಅಂತ. ಹೆಂಗಸರಿಗೆ ಅರ್ಥವಾಗಲಿಲ್ಲ. ಒಬ್ಬಳು ಬಂದು ಕೈಹಿಡಿದು ಎಳೆದುಕೊಂಡು ಹೋಗಿ ನನ್ನ ಕೊಡವನ್ನೇ ಮೊದಲು ತುಂಬಿಸಿಕೊಟ್ಟಳು.

ನನ್ನ ಕೆಲಸ ಶಾಲೆಯಲ್ಲಿ. ಬೆಳಿಗ್ಗೆ ತಾಯಂದಿರ ಜೊತೆ ದೊಡ್ಡ ಹಂಡೆಯಲ್ಲಿ ಮುಸುಕಿನ ಜೋಳದ ಗಂಜಿ ಬೇಯಿಸಿ ಮಕ್ಕಳಿಗೆ ಹಂಚಬೇಕು, ಆಮೇಲೆ ಚಿಕ್ಕವರಿಗೆ ಅಕ್ಷರ ಕಲಿಸಬೇಕು. ಅವ್ವನಿಗೂ ಈಗ ಅದೇ ಕೆಲಸ ತಾನೇ. ನಿಮ್ಮ ಶಾಲೆಯ ಬಿಸಿಯೂಟಕ್ಕೆ ಅವಳನ್ನು ತೆಗೆದುಕೊಂಡರು ಅಂತ ಗೊತ್ತಾದ ಮೇಲೆಯೇ ನಾನು ಇಲ್ಲಿಗೆ ಒಪ್ಪಿದ್ದು. ಇಲ್ಲಿ ಸಿಗ್ನಲ್ ಇಲ್ಲ. ತಿಂಗಳಿಗೊಮ್ಮೆ ಸಂಸ್ಥೆಯ ಜೀಪಿನಲ್ಲಿ ಪೇಟೆಗೆ ಹೋದಾಗ ಅವ್ವನಿಗೆ ಫೋನ್ ಮಾಡಬಹುದು, ಆದರೆ ಅವಳು "ಚೆನ್ನಾಗಿವ್ನಿ ಕಣವ್ವ, ಇಡು" ಅಂತ ಇಟ್ಟುಬಿಡುತ್ತಾಳೆ. ಅದಕ್ಕೇ ಹಾಸನದ ಹಾಸ್ಟೆಲ್ ರಜೆಗಳಲ್ಲಿ ಬರೆಯುತ್ತಿದ್ದ ಹಾಗೆ ನಿನಗೆ ಬರೆಯುತ್ತೇನೆ. ಅವ್ವನಿಗೆ ಓದಿ ಹೇಳು. ಅವಳು ಹೇಗಿದ್ದಾಳೆ ಅಂತ ನೀನೇ ಬರೆ.

ನಿನ್ನ
ಇಂದು


ಹೊಂಗೆಕಟ್ಟೆ
೨೦ ಡಿಸೆಂಬರ್ ೨೦೨೩

ಇಂದೂ,

ನಿನ್ನ ಕಾಗದ ಬಂದ ದಿನ ಸ್ಟಾಫ್ ರೂಮಿನಲ್ಲಿ ಹಬ್ಬ. ಅಂಚೆಚೀಟಿಯನ್ನು ಸಿರಿ ಕಿತ್ತಿಟ್ಟುಕೊಂಡಿದ್ದಾಳೆ. ಎರಡನೇ ಕ್ಲಾಸಿನಲ್ಲಿ ಎಲ್ಲರಿಗೂ ತೋರಿಸಿ, ಇಂದು ಆಂಟಿ ನಮ್ಮಮ್ಮನ ಫ್ರೆಂಡು ಅಂತ ಹೇಳಿಕೊಂಡು ತಿರುಗುತ್ತಿದ್ದಾಳೆ.

ನಿಮ್ಮವ್ವ ಚೆನ್ನಾಗಿದ್ದಾರೆ. ಅಡುಗೆಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದಾರೆ. ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಕೂರಿಸಿ ನಿನ್ನ ಕಾಗದ ಓದಿದೆ. ನಿನ್ನ ಕೊಡ ಮೊದಲು ತುಂಬಿಸಿದರು ಅನ್ನುವುದನ್ನು ಎರಡೆರಡು ಸಲ ಓದಿಸಿದರು. "ಹಂಗಂತ ಬರ್ದವ್ಳಾ?" ಅಂತ ಕೇಳಿ ಪಾತ್ರೆ ತೊಳೆಯಲು ಎದ್ದರು.

ಇನ್ನೊಂದು ಸುದ್ದಿ. ನಮ್ಮ ಹೆಡ್‌ಮಾಸ್ಟರಿಗೆ ವರ್ಗವಾಯಿತು, ಈಗ ಶಾಲೆಯ ಜವಾಬ್ದಾರಿ ನನ್ನ ತಲೆಗೆ. ಅಪ್ಪ ಶಾಲಾ ಸಮಿತಿ ಅಧ್ಯಕ್ಷರು, ಮಗಳು ಹೆಡ್‌ಮಿಸ್. ಊರವರಿಗೆ ಆಡಿಕೊಳ್ಳಲು ವಿಷಯ ಸಿಕ್ಕಿತು ಬಿಡು. ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರಲು ಶುರು ಮಾಡಿದ್ದಾರೆ. ಹೊಸ ಕೈ, ಹೊಸ ರುಚಿ, ಹೊಂದಿಕೊಳ್ಳಬೇಕಲ್ಲ. ಸಿರಿಗಂತೂ ನಿಮ್ಮವ್ವನ ಸೊಪ್ಪಿನ ಸಾರು ಪ್ರಾಣ, ಮುತ್ತಮ್ಮಜ್ಜಿ ಸಾರು ಅಂತಲೇ ಕೇಳುತ್ತಾಳೆ.

ನೀನು ಅಲ್ಲಿ ಮಾಡುತ್ತಿರುವುದು ದೊಡ್ಡ ಕೆಲಸ ಕಣೇ. ಇಲ್ಲಿನ ಚಿಂತೆ ಬೇಡ.

ಸ್ವಾತಿ


ಚಿಸೆಕಾ
೨೮ ಜನವರಿ ೨೦೨೪

ಪ್ರೀತಿಯ ಸ್ವಾತಿ,

ಹೆಡ್‌ಮಿಸ್ ಮೇಡಂಗೆ ನಮಸ್ಕಾರ! ನಿನ್ನ ಕೈಗೆ ಶಾಲೆ ಬಂದದ್ದು ಅವ್ವನ ಪುಣ್ಯ.

ಇಲ್ಲಿ ಮಳೆ. ಹೊಲದಲ್ಲಿ ಜೋಳ ಎದೆಯುದ್ದ ನಿಂತಿದೆ, ಆದರೆ ಮನೆಯ ಕಣಜ ಖಾಲಿ. ತೆನೆ ಬಲಿಯುವವರೆಗೆ ಇದು ಹಸಿವಿನ ಕಾಲವಂತೆ. ಮಕ್ಕಳು ಪಾಠಕ್ಕೆ ಬರುವುದಿಲ್ಲ, ಗಂಜಿಗೆ ಬರುತ್ತಾರೆ. ಲೋಟ, ಡಬ್ಬದ ಮುಚ್ಚಳ, ಏನು ಸಿಕ್ಕಿದರೆ ಅದನ್ನು ಹಿಡಿದು ನಿಲ್ಲುತ್ತಾರೆ. ನನ್ನ ಕಾಲ್ಬೆರಳಿಗೆ ಒಂದು ಹುಳ ಹೊಕ್ಕಿತ್ತು. ಲಿನೆಸಿ ಸೂಜಿಯಿಂದ ತೆಗೆದಳು, ನಾನು ಕಿರುಚಿದ್ದಕ್ಕೆ ಕೇರಿಯೆಲ್ಲ ನಕ್ಕಿತು.

ಒಂದು ಮಾತು ನಿನಗೆ ಮಾತ್ರ. ಮೊದಲ ದಿನ ಸೌಟು ಕೈಗೆ ಕೊಟ್ಟಾಗ ನಾನು ಹಿಂದೆ ಸರಿದೆ. ತಿನ್ನುತ್ತಾರೋ ಇಲ್ಲವೋ ಅಂತ. ಯಾರೂ ನಾನು ಯಾರ ಮಗಳು ಅಂತ ಕೇಳಲಿಲ್ಲ, ಸ್ವಾತಿ. ಒಂದು ಮಗು ಕುಡಿದು ಮುಗಿಸಿ ನನ್ನ ಸೌಟನ್ನೇ ನೆಕ್ಕಿತು. ಆ ದಿನ ನಾನು ಮನೆಗೆ ಬಂದು ಅತ್ತದ್ದು ಯಾಕೆ ಅಂತ ಲಿನೆಸಿಗೆ ಹೇಳಲು ನನಗೆ ಭಾಷೆ ಸಾಲಲಿಲ್ಲ.

ಡಬ್ಬಿ ತರುವ ಮಕ್ಕಳ ಬಗ್ಗೆ ಯೋಚಿಸಿದೆ. ಅವ್ವ ಖಾರ ಜಾಸ್ತಿ ಹಾಕುತ್ತಾಳೆ, ನನಗೆ ಗೊತ್ತು. ಖಾರ ಕಡಿಮೆ ಮಾಡು, ಒಗ್ಗರಣೆಗೆ ಬೆಳ್ಳುಳ್ಳಿ ಬೇಡ ಅಂತ ನಾನು ಹೇಳಿದೆ ಅಂತ ಹೇಳು. ನಿಮ್ಮ ಮನೆಗಳ ಮಕ್ಕಳಿಗೆ ಒಗ್ಗುವ ಹಾಗೆ ಮಾಡಲಿ. ನೀನೇ ಪಕ್ಕದಲ್ಲಿ ನಿಂತು ಎರಡು ದಿನ ತೋರಿಸಿಕೊಡು, ಕಲಿತುಬಿಡುತ್ತಾಳೆ.

ಇಂದು


ಹೊಂಗೆಕಟ್ಟೆ
೩ ಮಾರ್ಚ್ ೨೦೨೪

ಇಂದೂ,

ನೀನು ಹೇಳಿದ್ದನ್ನು ಹೇಳಿದೆ. ಖಾರ ಕಡಿಮೆ ಮಾಡಿದ್ದಾರೆ, ಬೆಳ್ಳುಳ್ಳಿ ಪೂರ್ತಿ ಬಿಟ್ಟಿದ್ದಾರೆ. "ಇನ್ನೂ ಸಪ್ಪೆ ಮಾಡ್ಲಾ ಮೇಡಮ್ಮಾ?" ಅಂತ ದಿನಾ ಕೇಳುತ್ತಾರೆ.

ಸಿರಿಗೆ ಹೊಟ್ಟೆ ಸರಿಯಿಲ್ಲ, ಅವಳಿಗೂ ಮನೆಯ ಡಬ್ಬಿಯೇ ಕಟ್ಟುತ್ತಿದ್ದೇನೆ. ನಿಮ್ಮವ್ವನಿಗೆ ಮಂಡಿನೋವು. ಆ ದೊಡ್ಡ ಪಾತ್ರೆ ಇಳಿಸುವುದನ್ನು ನೋಡಲಾರದೆ ಸ್ವಲ್ಪ ಹಗುರದ ಕೆಲಸ ಕೊಟ್ಟಿದ್ದೇನೆ. ಒಲೆಯ ಮುಂದೆ ಬೇರೆಯವರು ನಿಲ್ಲುತ್ತಾರೆ. ನಿನಗೆ ಬೇಸರವಿಲ್ಲ ತಾನೇ?

ನಿನ್ನ ಸಂಸ್ಥೆಯವರು ಇನ್ನೊಂದು ವರ್ಷ ಇರು ಅನ್ನುತ್ತಿದ್ದಾರೆ ಅಂತ ನಿಮ್ಮವ್ವ ಹೇಳಿದರು. ಒಪ್ಪಿಕೋ. ಇಂಥ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ಇಲ್ಲಿ ಬಂದು ನೀನು ಮಾಡುವುದಾದರೂ ಏನು, ಬೇಲೂರಿನ ಯಾವುದೋ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅಲ್ಲಿ ನಿನ್ನ ಅಗತ್ಯವಿದೆ. ನಾನಿದ್ದೇನಲ್ಲ.

ಸ್ವಾತಿ


ಚಿಸೆಕಾ
೧೪ ಏಪ್ರಿಲ್ ೨೦೨೪

ಪ್ರೀತಿಯ ಸ್ವಾತಿ,

ಇವತ್ತು ಜಯಂತಿ. ನಮ್ಮ ಕೇರಿಯಲ್ಲಿ ಪಾಯಸ ಮಾಡಿರುತ್ತಾರೆ. ನಾನೂ ಹಾಲಿಲ್ಲದ ಪಾಯಸದಂಥದ್ದೇನೋ ಮಾಡಿ ಲಿನೆಸಿಗೆ ಕೊಟ್ಟೆ. ತಿಂದಳು, ಪಾಪ.

ಅವ್ವನ ಮಂಡಿ ನೋಡಿ ಹಗುರದ ಕೆಲಸ ಕೊಟ್ಟೆಯಲ್ಲ, ನಿನ್ನ ಋಣ ಹೇಗೆ ತೀರಿಸಲಿ. ಸ್ವಂತ ಅಕ್ಕ ಇದ್ದಿದ್ದರೂ ಇಷ್ಟು ನೋಡುತ್ತಿರಲಿಲ್ಲ. ನಿನ್ನ ಮಾತಿನಂತೆ ಇನ್ನೊಂದು ವರ್ಷಕ್ಕೆ ಒಪ್ಪಿದೆ.

ಇಲ್ಲಿ ಎಲ್ಲ ಚಂದ ಅಂದುಕೊಳ್ಳಬೇಡ. ಎಸ್ನಾತಿ ಅಂತ ಒಬ್ಬ ಹೆಂಗಸು. ಅವಳ ಮೂರು ಮಕ್ಕಳೂ ಸತ್ತವು ಅಂತ ಮಾಟಗಾತಿ ಪಟ್ಟ ಕಟ್ಟಿದ್ದಾರೆ. ಗಂಜಿ ಬೇಯಿಸುವ ಅವಳ ಸರದಿಯ ದಿನ ತಾಯಂದಿರು ತಮ್ಮ ಮಕ್ಕಳ ಲೋಟಗಳನ್ನು ಬೋರಲು ಹಾಕಿ ಎದ್ದುಹೋದರು. ಎಸ್ನಾತಿ ಹಂಡೆಯ ಹಿಂದೆ ತಲೆ ಬಗ್ಗಿಸಿ ನಿಂತಿದ್ದಳು. ನಾನು ಹೋಗಿ ಅವಳ ಎದುರು ನೆಲದ ಮೇಲೆ ಕೂತು ಕೈಯೊಡ್ಡಿದೆ. ಅವಳು ಬಡಿಸಿದ್ದನ್ನು ಕುಡಿದೆ, ಇನ್ನೊಂದು ಲೋಟ ಕೇಳಿ ಕುಡಿದೆ. ಲಿನೆಸಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಒಂದೊಂದೇ ಮಕ್ಕಳು. ಎಲ್ಲರೂ ಬರಲಿಲ್ಲ, ಆದರೂ ಅರ್ಧ ಹಂಡೆ ಖಾಲಿಯಾಯಿತು.

ನನಗೆ ಈ ಧೈರ್ಯ ಎಲ್ಲಿಂದ ಬಂತು ಅಂತ ಯೋಚಿಸಿದೆ. ನಿನ್ನಿಂದ. ಹಾಸ್ಟೆಲಿನಲ್ಲಿ ನಿಮ್ಮ ಕಡೆಯ ಹುಡುಗಿಯರು ಬೇರೆ ಸಾಲಿನಲ್ಲಿ ಕೂತಾಗ ನೀನು ತಟ್ಟೆ ಎತ್ತಿಕೊಂಡು ಬಂದು ನನ್ನ ತಟ್ಟೆಯಿಂದ ಮುದ್ದೆ ಮುರಿದು ತಿಂದೆಯಲ್ಲ. ಇದನ್ನು ಅವ್ವನಿಗೆ ಓದಿ ಹೇಳು.

ಇಂದು


ಹೊಂಗೆಕಟ್ಟೆ
೯ ಜೂನ್ ೨೦೨೪

ಇಂದು,

ಶಾಲೆ ಶುರುವಾಗಿದೆ. ದಾಖಲಾತಿ, ಪುಸ್ತಕ ವಿತರಣೆ, ಮೇಲಿನವರ ಭೇಟಿ, ಉಸಿರಾಡಲು ಬಿಡುವಿಲ್ಲ. ಕಾಗದ ತಡವಾದರೆ ತಪ್ಪು ತಿಳಿಯಬೇಡ. ಎಲ್ಲರೂ ಕ್ಷೇಮ.

ಸ್ವಾತಿ


ಚಿಸೆಕಾ
೨೧ ಜುಲೈ ೨೦೨೪

ಸ್ವಾತಿ,

ಪೇಟೆಗೆ ಹೋದಾಗಲೆಲ್ಲ ಅವ್ವನ ಫೋನಿಗೆ ಮಾಡಿದೆ. ಸ್ವಿಚ್ ಆಫ್. ನಿನ್ನ ನಂಬರಿಗೂ ಮಾಡಿದೆ, ನೀನು ಎತ್ತಲಿಲ್ಲ. ಕ್ಲಾಸಿನಲ್ಲಿದ್ದಿರಬಹುದು. ನಿನ್ನ ಕಾಗದದಲ್ಲಿ ಅವ್ವನ ಹೆಸರೇ ಇಲ್ಲ ಅಂತ ಈಗ ಮತ್ತೆ ಓದಿದಾಗ ಗೊತ್ತಾಯಿತು.

ಒಂದು ಸಲ ಮನೆಯ ತನಕ ಹೋಗಿ ನೋಡಿ ಬಾ. ನೀನು ನಮ್ಮ ಕೇರಿಗೆ ಯಾವತ್ತೂ ಬಂದಿಲ್ಲ, ಗೊತ್ತು. ಸಿರಿಯ ಕೈಲಾದರೂ ಹೇಳಿಕಳಿಸು. ಜ್ವರವೋ ಏನೋ.

ಇಂದು


ಚಿಸೆಕಾ
೧ ಸೆಪ್ಟೆಂಬರ್ ೨೦೨೪

ಸ್ವಾತಿ,

ನಿನ್ನ ಉತ್ತರ ಬರಲಿಲ್ಲ. ಬೇಲೂರಿನಲ್ಲಿರುವ ಅವ್ವನ ತಮ್ಮ ನಟರಾಜ್ ಮಾವನಿಗೆ ಫೋನ್ ಮಾಡಿದೆ. ಅವ್ವ ಅವರ ಮನೆಯಲ್ಲಿದ್ದಾಳೆ. ಬಲಗೈಗೆ ಪಟ್ಟಿ ಕಟ್ಟಿದೆ. ಅವಳು ಫೋನಿಗೆ ಬರಲು ಒಪ್ಪಲಿಲ್ಲ. ಮಾವ ಎಲ್ಲ ಹೇಳಿದರು. ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ, ಸುಳ್ಳಿದ್ದರೆ ನೀನು ಹೇಳು.

ಅವ್ವ ಒಲೆ ಹಚ್ಚಿದ ಎರಡನೇ ವಾರದಿಂದಲೇ ನಿಮ್ಮ ಬೀದಿಗಳ ಮಕ್ಕಳು ಊಟಕ್ಕೆ ಕೂರಲಿಲ್ಲ. ಡಬ್ಬಿ ಬಂದದ್ದು ಖಾರಕ್ಕಲ್ಲ. ನಾನು ಇಲ್ಲಿಂದ ಖಾರ ಕಡಿಮೆ ಮಾಡು ಅಂತ ಬರೆದೆ, ನೀನು ಅದನ್ನು ಅವಳ ಮುಂದೆ ಓದಿದೆ, ಅವಳು ಕಡಿಮೆ ಮಾಡುತ್ತಲೇ ಹೋದಳು. ಅಡುಗೆ ಸರಿಯಾದರೆ ತಿಂತಾರೆ ಅಂತ ನನ್ನವ್ವ ನಂಬಿದ್ದಳು. ನೀನು ನಂಬಲು ಬಿಟ್ಟೆ.

ಸಿರಿ ಕದ್ದು ತಿನ್ನುತ್ತಿದ್ದಳಂತೆ. ಒಂದು ದಿನ ಸಿಕ್ಕಿಬಿದ್ದಳು. ನಿಮ್ಮ ಮನೆಯ ಹಿತ್ತಲಲ್ಲಿ ಅವಳ ತಲೆಗೆ ನೀರು ಸುರಿದು ಒಳಗೆ ಕರೆದುಕೊಂಡಿರಂತೆ. ಆಗ ಅವ್ವ ಶಾಲೆಯ ಅಡುಗೆಮನೆಯ ಕೀಲಿ ಕೊಡಲು ಬಂದು ಗೇಟಿನಲ್ಲಿ ನಿಂತಿದ್ದಳು.

ನೀನು ಕೊಟ್ಟ ಹಗುರದ ಕೆಲಸ ಕಕ್ಕಸು ತೊಳೆಯುವುದು. ಅದಕ್ಕೆ ನಾನು ಋಣ ಅಂತ ಬರೆದೆ. ಅದನ್ನೂ ಓದಿ ಹೇಳಿದೆಯಾ?

ಜೂನಿನಲ್ಲಿ ಮಾವ ದೂರು ಕೊಟ್ಟರು. ಅಧಿಕಾರಿ ಬರುವ ದಿನ ಅವ್ವನನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸಿದೆ. ಎಲ್ಲ ಮಕ್ಕಳೂ ಕೂತರು, ನಿಮ್ಮಪ್ಪನೂ ಕೂತರು, ಪತ್ರಿಕೆಯಲ್ಲಿ ಫೋಟೋ ಬಂತು. ಅವ್ವ ಆ ಫೋಟೋವನ್ನು ಮಾವನಿಗೆ ತೋರಿಸಿ, ಎಲ್ಲಾ ಸರಿಹೋಯ್ತು ಅಂದಳಂತೆ. ಮಾರನೆಯ ದಿನ ಖುಷಿಯಲ್ಲಿ ಪೂರ್ತಿ ಅಕ್ಕಿ ಹಾಕಿ ಬೇಯಿಸಿದಳು. ಒಬ್ಬರೂ ಬರಲಿಲ್ಲ. ಆ ಅನ್ನವನ್ನು ಹಿಂದಿನ ಗುಂಡಿಗೆ ಅವಳ ಕೈಯಿಂದಲೇ ಸುರಿಸಿ, ನಾಳೆಯಿಂದ ಬರಬೇಡ ಅಂದೆ. ಬರಬೇಡ. ನನಗೆ ಬರೆದ ಕಾಗದಗಳಲ್ಲಿ ಬಹುವಚನ, ಅವಳ ಮುಖದ ಮುಂದೆ ಏಕವಚನ.

ಆಮೇಲೆ ನಿಮ್ಮಪ್ಪ ದೊಡ್ಡ ಮನಸ್ಸು ಮಾಡಿ ಅರಸೀಕೆರೆ ರಸ್ತೆಯ ಶೆಡ್ಡಿನಲ್ಲಿ ತೆಂಗಿನಕಾಯಿ ಸುಲಿಯಲು ಕರೆದರು. ಅಭ್ಯಾಸವಿಲ್ಲದ ಕೈ. ಸುಲಿಯುವ ಗೂಟ ಅಂಗೈಯಲ್ಲಿ ಹಾದುಹೋಯಿತು. ಮೂರು ಬೆರಳು ಇನ್ನು ಮಡಚುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ.

ಅವಳು ಸುಲಿದ ಕಾಯಿ ನಿಮ್ಮ ದೇವರಿಗೆ ಆಗುತ್ತದೆ. ಅವಳು ಬೇಯಿಸಿದ ಅನ್ನ ನಿಮ್ಮ ಮಕ್ಕಳಿಗೆ ಆಗುವುದಿಲ್ಲ. ಇದರ ಲೆಕ್ಕ ನನಗೆ ತಿಳಿಸಿಕೊಡು ಟೀಚರ್.

ರಜೆ ಹಾಕಿ ಬರುತ್ತಿದ್ದೇನೆ. ಮತ್ತೆ ದೂರು ಕೊಡುತ್ತೇನೆ, ಈ ಸಲ ನಿನ್ನ ಮೇಲೆ, ನಿನ್ನ ಹೆಸರು ಹಾಕಿ.

ಇಂದು


ಹೊಂಗೆಕಟ್ಟೆ
೨೯ ಸೆಪ್ಟೆಂಬರ್ ೨೦೨೪

ಇಂದು ಅವರಿಗೆ,

ಕಾಗದ ತಲುಪಿತು. ನೀನು ಹೊರಡುವ ಮುಂಚೆ ಇದು ಸಿಗಲಿ ಅಂತ ಕೊರಿಯರ್ ಮಾಡಿಸುತ್ತಿದ್ದೇನೆ.

ಸಿರಿಗೆ ನೀರು ಹಾಕಿದ್ದು ನಮ್ಮಮ್ಮ. ನಾನು ಬಾಗಿಲಲ್ಲಿ ನಿಂತಿದ್ದೆ. ಇದೊಂದು ತಿದ್ದುಪಡಿ. ಉಳಿದದ್ದು ಹೆಚ್ಚುಕಡಿಮೆ ಸರಿ.

ನೀನು ಕೇಳಿದ್ದಕ್ಕೆ ನಾನೂ ಕೇಳುತ್ತೇನೆ. ಮಕ್ಕಳ ಟಿ.ಸಿ. ಕೇಳಿಕೊಂಡು ಅಪ್ಪಂದಿರು ಸಾಲುಗಟ್ಟಿ ನಿಂತಾಗ ನೀನು ಎಲ್ಲಿದ್ದೆ? ಜಾವಗಲ್ಲಿನ ಕಾನ್ವೆಂಟಿನ ವ್ಯಾನು ಊರೊಳಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಮಕ್ಕಳಿಲ್ಲದಿದ್ದರೆ ಶಾಲೆ ಮುಚ್ಚುತ್ತಾರೆ. ಮುಚ್ಚಿದರೆ ವ್ಯಾನಿಗೆ ಕೊಡಲಾಗದ ನಿಮ್ಮ ಕೇರಿಯ ಮಕ್ಕಳೇ ಮನೆಯಲ್ಲಿ ಉಳಿಯುವುದು. ನಾನು ಒಬ್ಬ ಹೆಂಗಸನ್ನು ಬಿಟ್ಟು ಶಾಲೆ ಉಳಿಸಿದೆ. ಈಗ ಬಾ ನೋಡು, ಹೊಸ ಅಡುಗೆಯವರು, ಎಲ್ಲರೂ ಒಂದೇ ಸಾಲಿನಲ್ಲಿ ತಿನ್ನುತ್ತಾರೆ. ನಿಮ್ಮ ಮಕ್ಕಳೂ.

ನೀನು ಎಸ್ನಾತಿಯ ಮುಂದೆ ಕೂತು ಗಂಜಿ ಕುಡಿದೆ. ಆ ಊರಿನಲ್ಲಿ ನಿನಗೆ ಮಾವ ಇಲ್ಲ, ಅತ್ತೆ ಇಲ್ಲ, ಮಗಳಿಗೆ ನಾಳೆ ಗಂಡು ನೋಡುವ ಜನ ಇಲ್ಲ. ನಾನು ಹಾಸ್ಟೆಲಿನಲ್ಲಿ ನಿನ್ನ ತಟ್ಟೆಯಿಂದ ತಿಂದದ್ದೂ ಹಾಗೇ. ಅದು ಹಾಸನ. ಇದು ಊರು.

ನಿನ್ನ ಏಪ್ರಿಲ್ ಕಾಗದವನ್ನು ನಿಮ್ಮವ್ವನಿಗೆ ಓದಲಿಲ್ಲ. ಗಂಜಿ ಚೆನ್ನಾಗಿತ್ತಂತೆ ಅಂತಷ್ಟೇ ಹೇಳಿದೆ. ಓದಿದ್ದರೆ ಅವರು ನನ್ನ ಮುಖ ನೋಡುತ್ತಿದ್ದರು. ನಿನಗೆ ಏನೂ ತಿಳಿಸಬೇಡಿ ಅಂತ ಕಾಲು ಹಿಡಿದದ್ದು ಅವರೇ. ನಂಬುವುದು ಬಿಡುವುದು ನಿನಗೆ ಸೇರಿದ್ದು. ದೂರು ಕೊಡು. ಸಾಕ್ಷಿ ಹೇಳಬೇಕಾದವರು ಅವರೇ ಅನ್ನುವುದು ನೆನಪಿರಲಿ.

ಸ್ವಾತಿ


ಚಿಸೆಕಾ
೧೭ ನವೆಂಬರ್ ೨೦೨೪

ಸ್ವಾತಿ ಮೇಡಂ ಅವರಿಗೆ,

ವಿಚಾರಣೆಯ ದಿನ ನೀವು ಮೇಜಿನ ಆ ಕಡೆ ಕೂತಿದ್ದಿರಿ. ಅಧಿಕಾರಿ ಕೇಳಿದಾಗ ಅವ್ವ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನಾನೇ ಬಿಟ್ಟೆ ಸ್ವಾಮಿ, ಮಂಡಿನೋವು. ಮೇಡಮ್ಮೋರು ಬಂಗಾರದಂಥೋರು" ಅಂದಳು. ನೀವು ತಲೆ ಎತ್ತಲಿಲ್ಲ, ಆದರೆ ನಿಮ್ಮ ಭುಜ ಸಡಿಲವಾದದ್ದು ನನಗೆ ಕಾಣಿಸಿತು. ಅಲ್ಲಿಗೆ ನೀವು ಮನೆಗೆ ಹೋದಿರಿ. ಆಮೇಲಿನದು ನಿಮಗೆ ಗೊತ್ತಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಾನು ಅವ್ವನ ಮೇಲೆ ಕೂಗಾಡಿದೆ. ಜನ ನೋಡುತ್ತಿದ್ದರು. ನನ್ನ ಮರ್ಯಾದೆ ಕಳೆದೆ, ನಿನ್ನ ಮರ್ಯಾದೆಯನ್ನೂ ಕಳೆದುಕೊಂಡೆ ಅಂದೆ. ಅವಳು ಕಡಲೆಕಾಯಿ ಪೊಟ್ಟಣವನ್ನು ಎಡಗೈಯಲ್ಲಿ ಬಿಡಿಸಲು ಹೆಣಗುತ್ತಿದ್ದಳು. ಕೊನೆಗೆ ಹೇಳಿದಳು: "ನಾಳೆ ನೀನು ಇಮಾನ ಹತ್ತಿ ಹೋಯ್ತೀಯ. ನಾನು ಅದೇ ಊರಲ್ಲಿ ನೀರು ಹಿಡೀಬೇಕು."

ನಾನು ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಅಂದೆ. ಬೇಲೂರಿನಲ್ಲಿ ಮನೆ ಮಾಡೋಣ, ಇಬ್ಬರೂ ಇರೋಣ ಅಂದೆ. ಅವಳು ನನ್ನನ್ನು ಮೊದಲ ಸಲ ನೋಡುತ್ತಿರುವ ಹಾಗೆ ನೋಡಿದಳು.

"ಹೋಗು ಮಗಾ. ಅಲ್ಲಿ ನಿನ್ನ ಕೈಲಿ ತಿಂತಾರೆ. ಇಲ್ಲಿ ಕುಂತ್ಕಂಡು ನನ್ ಮುಖ ನೋಡಿದ್ರೆ ನಂಗೆ ದಿನಾ ಆ ಗುಂಡಿ ನೆಪ್ಪಾಯ್ತದೆ."

ಹೊಂಗೆಕಟ್ಟೆಯ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು, ನನ್ನ ಕಡೆ ತಿರುಗಲಿಲ್ಲ. ಮಾವ ಎಷ್ಟು ಕರೆದರೂ ಬೇಲೂರಿನಲ್ಲಿ ನಿಲ್ಲಲಿಲ್ಲ.

ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಬರೆಯಲು ಬೇರೆ ಯಾರೂ ಇಲ್ಲ, ಅದಕ್ಕೆ. ಲಿನೆಸಿ ನಿನ್ನ ತಾಯಿ ಹೇಗಿದ್ದಾಳೆ ಅಂತ ಕೇಳಿದಳು. ಚೆನ್ನಾಗಿದ್ದಾಳೆ ಅಂದೆ. ನಾನಿಲ್ಲದಾಗ ಎಸ್ನಾತಿಯನ್ನು ಊರು ಬಿಡಿಸಿದ್ದಾರೆ. ಎಲ್ಲಿಗೆ ಹೋದಳು ಅಂತ ಯಾರೂ ಹೇಳುತ್ತಿಲ್ಲ. ಹಂಡೆ ಬೇಯುತ್ತದೆ, ಮಕ್ಕಳು ಕುಡಿಯುತ್ತಾರೆ, ನಾನು ಬಡಿಸುತ್ತೇನೆ.

ಉತ್ತರ ಬೇಡ.

ಇಂದು


ಹೊಂಗೆಕಟ್ಟೆ
೫ ಜನವರಿ ೨೦೨೫

ಪ್ರೀತಿಯ ಇಂದು,

ಉತ್ತರ ಬೇಡ ಅಂದಿದ್ದೆ, ಆದರೂ ಬರೆಯುತ್ತಿದ್ದೇನೆ, ಸಂತೋಷದ ಸುದ್ದಿ. ಆದದ್ದೆಲ್ಲ ಆಗಿಹೋಯಿತು. ಗಣರಾಜ್ಯೋತ್ಸವಕ್ಕೆ ಊರಿಗೆ ಕೀರ್ತಿ ತಂದವರನ್ನು ಸನ್ಮಾನಿಸಬೇಕು ಅಂತ ಸಮಿತಿಯಲ್ಲಿ ತೀರ್ಮಾನವಾಗಿದೆ. ಮೊದಲ ಹೆಸರು ನಿನ್ನದು. ಸೂಚಿಸಿದ್ದು ಅಪ್ಪನೇ, ಪರದೇಶದಲ್ಲಿ ಹಸಿದ ಮಕ್ಕಳಿಗೆ ಅನ್ನ ಹಾಕುತ್ತಿರುವ ನಮ್ಮೂರ ಹುಡುಗಿ ಅಂತ ಎಲ್ಲರ ಮುಂದೆ ಹೇಳಿದರು.

ನಿನಗೆ ಬರಲು ಆಗುವುದಿಲ್ಲ, ಗೊತ್ತು. ನಿನ್ನ ಪರವಾಗಿ ನಿಮ್ಮವ್ವ ಶಾಲು, ಹಾರ ಸ್ವೀಕರಿಸುತ್ತಾರೆ. ಒಪ್ಪಿದ್ದಾರೆ. ಈಗ ನಮ್ಮ ತೋಟದಲ್ಲೇ ಬಿದ್ದ ತೆಂಗಿನ ಗರಿ ಆರಿಸುವ ಕೆಲಸ, ಎಡಗೈಯಲ್ಲಿ ಆಗುವಂಥದ್ದು; ಆ ದಿನ ರಜೆ ಕೊಡಲು ಅಪ್ಪನಿಗೆ ಹೇಳಿದ್ದೇನೆ. ಕಾರ್ಯಕ್ರಮದ ಮೇಲೆ ಊರಿಗೆಲ್ಲ ಊಟವಿದೆ. ಅವರಿಗೆ ಒಂದು ಮಾತು ನೀನೇ ಫೋನಿನಲ್ಲಿ ಹೇಳಿಬಿಡು, ನಾನು ಹೇಳಿದರೆ ಚೆನ್ನಾಗಿರುವುದಿಲ್ಲ. ಹಾರ ಹಾಕಿಸಿಕೊಂಡು ವೇದಿಕೆ ಇಳಿದ ಮೇಲೆ ಅವರು ಪಂಕ್ತಿಯ ಕಡೆ ಬರುವುದು ಬೇಡ. ಅವರ ಊಟವನ್ನು ಮನೆಗೇ ಕಳಿಸುತ್ತೇವೆ.

ಬ್ಯಾನರಿಗೆ ನಿನ್ನದೊಂದು ಫೋಟೋ ಬೇಕು. ಅಲ್ಲಿನ ಮಕ್ಕಳಿಗೆ ನೀನು ಕೈಯಾರೆ ಬಡಿಸುತ್ತಿರುವುದು ಇರಲಿ. ಇದನ್ನೂ ಕೊರಿಯರ್ ಮಾಡಿಸುತ್ತಿದ್ದೇನೆ; ಪೇಟೆಗೆ ಹೋದ ಕೂಡಲೇ ನನ್ನ ಫೋನಿಗೆ ಕಳಿಸು, ಪ್ರಿಂಟ್ ಹಾಕಿಸಬೇಕು.

ನಿನ್ನ
ಸ್ವಾತಿ